ಕಾಕಾನ ಬೋರೂ, ಮಲಗಿರುವ ಜ್ವಾಲಾಮುಖಿಯೂ

ಡಿಸೆಂಬರಿನ ಒಂದು ಬೆಳಿಗ್ಗೆ ಮಿಶ್ರಿಕೋಟಿಯ ಹೊಲದಲ್ಲಿ ಕಾಕಾ ಬೋರ್ ಚಾಲೂ ಮಾಡಿ, "ಕೈ ಹಿಡಿ" ಅಂದರು. ಮೈ ನಡುಗುವ ಚಳಿ. ನೀರು ಮಾತ್ರ ಬೆಚ್ಚಗಿತ್ತು.

"ನೋಡಿದ್ಯೇನ್ ತಮ್ಮಾ? ಕೆಳಗ ಸಣ್ಣದೊಂದು ಜ್ವಾಲಾಮುಖಿ ಮಲಗೇತಂತ. ಮೊಬೈಲ್‌ನ್ಯಾಗ ವಿಡಿಯೋ ಬಂದಿತ್ತು. ನಮ್ಮ ಎರಿ ಮಣ್ಣೂ ಅದರಿಂದನ ಆಗೇತಂತ. ಇನ್ನೂ ಆಳಕ್ಕ ಹೋದ್ರ ಭರಪೂರ ನೀರು ಐತಿ ಅಂತಾರ."

ನಗುವ ಹಾಗಿರಲಿಲ್ಲ. ಮೊದಲ ಬೋರು ಬತ್ತಿದೆ, ಎರಡನೆಯದು ದಿನಕ್ಕೆ ಎರಡು ತಾಸು ಓಡುತ್ತದೆ. ಮೂರನೆಯದನ್ನು 700 ಅಡಿ ಕೊರೆಸಲು ಕಾಕೂನ ಬಂಗಾರ ಅಡ ಇಡುವ ಮಾತು ನಡೆದಿತ್ತು. ಅದಕ್ಕೇ ಆ ವಾರ ರಾತ್ರಿ ಕೂತು ಓದಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಜ್ವಾಲಾಮುಖಿ ಅಂದ ಕೂಡಲೇ ಚೂಪು ಶಿಖರ ನೆನಪಾಗುತ್ತದೆ. ಆದರೆ ಎಲ್ಲವೂ ಹಾಗಿರುವುದಿಲ್ಲ. ಲಾವಾ ತೆಳ್ಳಗಿದ್ದರೆ ಒಂದೇ ಕಡೆ ಗುಡ್ಡೆಯಾಗದೆ, ಕಾವಲಿಗೆ ಹುಯ್ದ ನೀರುದೋಸೆ ಹಿಟ್ಟಿನಂತೆ ದೂರಕ್ಕೆ ಹರಿದು ಹರಡುತ್ತದೆ. ಪದರದ ಮೇಲೆ ಪದರ ಕೂತು, ನೆಲದ ಮೇಲೆ ಬೋರಲು ಹಾಕಿದ ಗುರಾಣಿಯಂಥ ಅಗಲ ಗುಡ್ಡ ಆಗುತ್ತದೆ. ಇದು ಗುರಾಣಿ ಜ್ವಾಲಾಮುಖಿ. ಹವಾಯಿಯ ಮೌನಾ ಲೋವಾ ಅಂಥದ್ದು. 4,169 ಮೀಟರ್ ಎತ್ತರವಿದ್ದರೂ ಇಳಿಜಾರು ಬಲು ಸಾವಕಾಶ. 38 ವರ್ಷ ಸುಮ್ಮನಿದ್ದು 2022ರಲ್ಲಿ ಮತ್ತೆ ಉಕ್ಕಿತು. ಮಲಗಿದೆ ಅನ್ನುವುದು ಇಂಥದ್ದಕ್ಕೆ. ಕೆಳಗೆ ಕರಗಿದ ಕಲ್ಲಿನ ಪೂರೈಕೆ ಇದ್ದರಷ್ಟೇ ಅದು ಏಳಬಹುದು.

ನಮ್ಮಲ್ಲಿ ಆ ಪೂರೈಕೆ ಇಲ್ಲ. ಭಾರತದಲ್ಲಿ ಈಗ ಜೀವಂತವಾಗಿರುವ ಜ್ವಾಲಾಮುಖಿ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಬಸಾಲ್ಟ್ ಕಲ್ಲು ಲಾವಾನೇ, ಆದರೆ ಸುಮಾರು 6.6 ಕೋಟಿ ವರ್ಷ ಹಿಂದಿನದು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಸೆಲ್ಫಿ ತೆಗೆಯುತ್ತೇವಲ್ಲ, ಆ ಕಲ್ಲಿನ ಕಂಬಗಳು ಅದಕ್ಕೂ ಹಿಂದಿನವು. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದವು.

ಮಿಶ್ರಿಕೋಟಿಯ ಕೆಳಗಿನ ಕಲ್ಲು ಇವೆಲ್ಲದರ ಮುತ್ತಜ್ಜ. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಶಿಲೆಗಳಿಗೆ ನಮ್ಮ ಜಿಲ್ಲೆಯ ಹೆಸರನ್ನೇ ಇಟ್ಟ. ಇವತ್ತಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಅವು 'ಧಾರವಾಡ ಶಿಲೆಗಳು'. ಇವುಗಳಲ್ಲೂ ಲಾವಾ ಇದೆ. ಬೆಂಗಳೂರಿನಿಂದ ಊರಿಗೆ ಬರುವಾಗ ಚಿತ್ರದುರ್ಗ ಜಿಲ್ಲೆ ದಾಟುತ್ತೇವಲ್ಲ, ಅಲ್ಲಿನ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟಂಥ ಕಲ್ಲುಗಳಿವೆ. ಲಾವಾ ನೀರಿನಡಿ ಉಕ್ಕಿ ತಟ್ಟನೆ ತಣ್ಣಗಾದರೆ ಆ ಆಕಾರ ಬರುತ್ತದೆ. ಅಂದರೆ ಅಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು. ಅದೀಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆ ಬೆಂಕಿ ಮಲಗಿಲ್ಲ, ಆರಿ ಯುಗಗಳೇ ಕಳೆದಿವೆ.

ಹಾಗಾದರೆ ಎರೆ ಮಣ್ಣು? ಅದು ಬಸಾಲ್ಟಿನಿಂದಲೇ ಆಗಬೇಕು ಅಂತಿಲ್ಲ. ಧಾರವಾಡದ ಕಡೆ ಈ ಹಳೇ ಪದರಶಿಲೆ ಸವೆದೂ ಕಪ್ಪು ಮಣ್ಣಾಗಿದೆ.

ಬೆಚ್ಚಗಿನ ನೀರು? ನೆಲದೊಳಗಿನ ನೀರಿಗೆ ಋತುಮಾನ ಅಷ್ಟಾಗಿ ತಟ್ಟುವುದಿಲ್ಲ. ವರ್ಷವಿಡೀ ಅದರ ಬಿಸಿ ಹೆಚ್ಚುಕಡಿಮೆ ಒಂದೇ. ಚಳಿಯಲ್ಲಿ ನಮ್ಮ ಕೈ ತಣ್ಣಗಿರುವುದರಿಂದ ನೀರು ಬೆಚ್ಚಗೆ ಅನ್ನಿಸುತ್ತದೆ, ಬೇಸಿಗೆಯಲ್ಲಿ ಅದೇ ನೀರು ತಂಪು. ಆಳಕ್ಕೆ ಹೋದಂತೆ ಬಿಸಿ ಏರುವುದೂ ನಿಜ, ಜಗತ್ತಿನ ಸರಾಸರಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ. 700 ಅಡಿ ಅಂದರೆ 213 ಮೀಟರ್. ಲೆಕ್ಕ ಹಾಕಿದರೆ ಐದಾರು ಡಿಗ್ರಿ. ಅದಕ್ಕೆ ಜ್ವಾಲಾಮುಖಿ ಬೇಕಿಲ್ಲ.

ಕಾಕಾಗೆ ಬೇಕಿದ್ದ ಉತ್ತರ ಇನ್ನೊಂದಿತ್ತು. ಇಂಥ ಗಟ್ಟಿ ಕಲ್ಲಿನೊಳಗೆ ಕೆರೆಯೂ ಇಲ್ಲ, ಹೊಳೆಯೂ ಇಲ್ಲ. ಮಳೆ ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ, ಅದರ ಕೆಳಗೆ ಕಲ್ಲಿನ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕು ಕಡಿಮೆಯಾಗುತ್ತವೆ. ಅದೃಷ್ಟಕ್ಕೆ ಒಂದು ಬಿರುಕು ಸಿಕ್ಕರೂ, ಮೇಲಿಂದ ಮಳೆ ನೀರು ಇಳಿಯದಿದ್ದರೆ ಅದೂ ಖಾಲಿ.

ಇದನ್ನೆಲ್ಲ ಕಾಕಾಗೆ ಕಟ್ಟೆಯ ಮೇಲೆ ಕೂತು ಹೇಳಿದೆ. ಬಹಳ ಹೊತ್ತು ಎಲೆ ಅಡಿಕೆ ಜಗಿದರು.

"ಹಂಗಾರ ಮ್ಯಾಲಿನ ನೀರು ಹಿಡಿದು ನಿಲ್ಲಿಸಬೇಕು ಅಂತೀ."

"ಹೌದ್ ಕಾಕಾ. ಇಳಿಜಾರಿನ ಮೂಲ್ಯಾಗ ಕೃಷಿ ಹೊಂಡ ಮಾಡಿಸೋಣ. ಬೋರ್ ಹಾಕಿಸೋದಾದ್ರೂ ಮೊದಲ ಭೂವಿಜ್ಞಾನಿ ಕಡೆ ತೋರಿಸೋಣ."

ಕಾಕಾ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. "ಈ ಮಳಿಗಾಲ ನೋಡೂಣು" ಅಂದರು. ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದ ಕಾಕೂ ಬಾಗಿಲಿಗೆ ಬಂದು ನಿಂತಳು.

"ಅಂದ್ರ ಬಂಗಾರ ಮನ್ಯಾಗ ಇರತೈತಲ್ಲ?"