ಇಸವಿ ಗೊತ್ತು, ತಪ್ಪು ಗೊತ್ತಿಲ್ಲ
ಈ ವಾರ ಮುಂಬೈ ಬಳಿಯ ದಿವಾ ಸ್ಟೇಷನ್ನಿನಲ್ಲಿ ಮೊದಲ ವರ್ಷದ ಬಿಎ ಹುಡುಗಿಯೊಬ್ಬಳು ಮನಶ್ಶಾಸ್ತ್ರದ ಪ್ರಶ್ನೆಪತ್ರಿಕೆ ತೋರಿಸಿದಳು. ‘ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್’ ಎಂಬ ಹೆಸರು ಕೊಟ್ಟವರು ಯಾರು? ಲೀ ರಾಸ್, 1977 ಎಂದು ಸರಿಯಾಗಿಯೇ ಬರೆದಿದ್ದಾಳೆ. ಇನ್ನೊಬ್ಬರ ನಡತೆಗೆ ಸನ್ನಿವೇಶದ ಒತ್ತಡವನ್ನು ಬಿಟ್ಟು ಸ್ವಭಾವವನ್ನೇ ಹೊಣೆ ಮಾಡುವ ತಪ್ಪು ಅದು. ಇಲ್ಲಿ ಬೆಳಗಾದರೆ ಅದೇ ನಡೆಯುತ್ತದೆ: ಕಲ್ಯಾಣ, ಡೊಂಬಿವಲಿಯಲ್ಲೇ ತುಂಬಿಬಂದ ಲೋಕಲ್ಲಿನ ಬಾಗಿಲಲ್ಲಿ ನಿಂತವರಿಗೆ ದಿವಾದವರು ಒರಟರು, ಕೆಳಗಿನವರಿಗೆ ಒಳಗಿನವರು ಸ್ವಾರ್ಥಿಗಳು. ಗಾಡಿ ಸಾಲದು ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಈ ಜಗಳವನ್ನೇ ನಾಲ್ಕು ಸಾಲಿನಲ್ಲಿ ಕೊಟ್ಟು, ಯಾರು ಏನನ್ನು ಕಾಣುತ್ತಿಲ್ಲ, ಏಕೆ ಎಂದು ಕೇಳಬಾರದೇ? ಹೆಸರು, ಇಸವಿ ಕೇಳುವುದೆಂದರೆ ಈಜು ಬರುತ್ತದೆಯೇ ಎಂದು ತಿಳಿಯಲು ಕೆರೆಯ ಆಳ ಕೇಳಿದಂತೆ. ಪರೀಕ್ಷೆ ಬೇಡವೆಂದಲ್ಲ, ಇನ್ನೂ ಹೆಚ್ಚು ಬೇಕು. ಮತ್ತೆ ಮತ್ತೆ ಓದಿದವರಿಗಿಂತ ನೆನಪಿನಿಂದ ಬರೆದು ನೋಡಿಕೊಂಡವರಿಗೆ ವಾರದ ಬಳಿಕ ಹೆಚ್ಚು ಉಳಿದಿರುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ವಿದ್ಯಾರ್ಥಿಗಳ ಮೇಲಿನ ಪ್ರಯೋಗದಲ್ಲೇ ತೋರಿಸಿದ್ದಾರೆ. ಅಂಥ ಪುಟ್ಟ ಪರೀಕ್ಷೆ ವಾರವಾರವೂ ಇರಲಿ, ಅಧ್ಯಾಪಕರು ಪ್ರಶ್ನೆಗಳನ್ನು ಈ ಪ್ಲಾಟ್‌ಫಾರಮ್ಮಿನಿಂದ ಆರಿಸಿಕೊಳ್ಳಲಿ.