ಯಾರ ಮನೆಯ ರಕ್ತ?

ಎರಡು ತಿಂಗಳ ಹಿಂದೆ ನಮ್ಮ ಕಾರ್ಯಾಲಯಕ್ಕೆ ಬಂದ ಪತ್ರಗಳಲ್ಲಿ ಒಂದು ನಮ್ಮನ್ನು ಬಹಳ ಹೊತ್ತು ಯೋಚನೆಗೀಡುಮಾಡಿತು. ಉತ್ತರ ಕರ್ನಾಟಕದ ಊರೊಂದರಿಂದ ಓದುಗ ಸೋದರಿಯೊಬ್ಬರು ಬರೆದದ್ದು ಅದು. ಅವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಕಾಣಿಸುವುದಿಲ್ಲ. ಪತ್ರದ ತಾತ್ಪರ್ಯವನ್ನಷ್ಟೇ, ಅವರ ಒಪ್ಪಿಗೆ ಪಡೆದು, ಬಂಧುಗಳ ಮುಂದಿಡುತ್ತಿದ್ದೇವೆ.

ಅವರ ಚೊಚ್ಚಲು ಕೂಸಿಗೆ ಎರಡೂವರೆ ತಿಂಗಳು ತುಂಬಿದಾಗ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದುಬಂದಿತು. ಅಂದಿನಿಂದ ದಿನಕ್ಕೆ ಹಲವು ಬಾರಿ ಇನ್ಸುಲಿನ್ ಚುಚ್ಚುಮದ್ದು. ಮಕ್ಕಳ ವೈದ್ಯರು ವಂಶವಾಹಿ ಪರೀಕ್ಷೆ ಮಾಡಿಸಬೇಕೆಂದು ಸೂಚಿಸಿ, ಕೂಸಿನದಲ್ಲದೆ ತಂದೆತಾಯಿಗಳ ರಕ್ತವೂ ಬೇಕೆಂದರು. ಅಲ್ಲಿಂದ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ‘ನಮ್ಮ ಮನಿತನದಾಗ ಯಾರಿಗೂ ಇಂಥಾದ್ದು ಇದ್ದಿಲ್ಲ, ಇದು ನಿನ್ನ ತವರಿಂದನ ಬಂದದ್ದು’ ಎಂದು ಅತ್ತೆಯವರು ನುಡಿದರು. ‘ಪರೀಕ್ಷೆಯ ಸುದ್ದಿ ಹೊರಗೆ ಬಿದ್ದರೆ ನಾಳೆ ಸಣ್ಣ ಮಗಳಿಗೆ ವರ ನೋಡುವಾಗ ಅಡ್ಡಿಯಾದೀತು’ ಎಂಬುದು ಮಾವನವರ ಚಿಂತೆ. ತಾಯಿ ನಮ್ಮನ್ನು ಕೇಳಿರುವ ಪ್ರಶ್ನೆ ಒಂದೇ. ಈ ಪರೀಕ್ಷೆಯಿಂದ ಕೂಸಿಗೇನಾದರೂ ಪ್ರಯೋಜನವುಂಟೇ, ಅಥವಾ ತಪ್ಪು ಯಾರ ಕಡೆಯದೆಂದು ತೋರಿಸಲು ಮಾತ್ರವೇ ಅದು?

ನಾವು ವೈದ್ಯರಲ್ಲ. ಬಲ್ಲವರನ್ನು ವಿಚಾರಿಸಿದೆವು, ದೊರೆತದ್ದನ್ನು ಓದಿದೆವು. ಹಾಗೆ ವಿಚಾರಿಸುತ್ತ ಹೋದಂತೆ ಎಲ್ಲ ದಾರಿಗಳೂ ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿ, ಡೆವನ್ ಪ್ರಾಂತದ ಎಕ್ಸ್ ನದಿಯ ದಡದಲ್ಲಿರುವ ಎಕ್ಸೆಟರ್ ಎಂಬ ಊರನ್ನೇ ಮುಟ್ಟಿದವು. ಲಂಡನ್ನಿನಂತೆ ದೊಡ್ಡ ಪಟ್ಟಣವೇನಲ್ಲ. ಅಲ್ಲಿನ ವಿಶ್ವವಿದ್ಯಾಲಯದ ವಂಶವಾಹಿ ಸಂಶೋಧನಾ ತಂಡವೊಂದು ಇಂಥ ಕೂಸುಗಳ ಬಾಳನ್ನೇ ಬದಲಿಸಿದೆ. ಈ ಸಲದ ನಮ್ಮ ಅಂಕಣವನ್ನು ಆ ತಂಡದ ಜನರಿಗಾಗಿ ಮೀಸಲಿಡುತ್ತೇವೆ. ಆ ಸೋದರಿಯ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದೆ.

1995ರ ಸುಮಾರಿಗೆ ಆಂಡ್ರ್ಯೂ ಹ್ಯಾಟರ್ಸ್ಲಿ ಎಂಬ ಮಧುಮೇಹ ವೈದ್ಯರೂ ಶಾನ್ ಎಲಾರ್ಡ್ ಎಂಬ ಪ್ರಯೋಗಾಲಯದ ವಿಜ್ಞಾನಿಯೂ ಎಕ್ಸೆಟರಿನಲ್ಲಿ ಜೊತೆಗೂಡಿ ಈ ಕೆಲಸಕ್ಕೆ ತೊಡಗಿದರು. ಒಬ್ಬರು ರೋಗಿಯ ಎದುರು ಕುಳಿತುಕೊಳ್ಳುವವರು, ಇನ್ನೊಬ್ಬರು ರೋಗಿಯ ಮುಖವನ್ನೇ ಕಾಣದೆ ಅವರ ರಕ್ತದ ಹನಿಯನ್ನು ಓದುವವರು. ಈ ಜೋಡಿಯಲ್ಲಿ ಯಾರು ಹೆಚ್ಚು, ಯಾರು ಕಡಿಮೆ ಎಂದು ಹೇಳುವುದು ಕಷ್ಟ. ವಂಶವಾಹಿಯಲ್ಲಿ ಅಕ್ಷರವೊಂದು ಬದಲಾಗಿದೆಯೆಂದು ಯಂತ್ರ ತೋರಿಸಿಬಿಡಬಹುದು. ಅದು ರೋಗಕ್ಕೆ ಕಾರಣವೋ, ಎಲ್ಲರಲ್ಲಿಯೂ ಇರುವಂಥ ನಿರುಪದ್ರವಿ ವ್ಯತ್ಯಾಸವೋ ಎಂಬುದನ್ನು ನಿರ್ಣಯಿಸುವುದಕ್ಕೆ ಮನುಷ್ಯರೇ ಬೇಕು. ಎಲಾರ್ಡ್ ಅವರು ಆ ನಿರ್ಣಯವನ್ನು ಹೇಗೆ ಮಾಡಬೇಕೆಂಬುದಕ್ಕೆ ತಮ್ಮ ದೇಶದ ಪ್ರಯೋಗಾಲಯಗಳೆಲ್ಲ ಅನುಸರಿಸುವ ನಿಯಮಗಳನ್ನು ರೂಪಿಸಿದವರಲ್ಲಿ ಪ್ರಮುಖರು.

ದೊಡ್ಡ ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ನಮಗೆ ಗೊತ್ತಿರುವಂಥದೇ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಆರು ತಿಂಗಳೊಳಗಿನ ಕೂಸುಗಳಿಗೆ ಬಂದದ್ದೂ ಅದೇ ಎಂದು ಬಹುಕಾಲ ಭಾವಿಸಲಾಗಿತ್ತು. ಅದು ಹಾಗಲ್ಲ, ಆರು ತಿಂಗಳೊಳಗೆ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಯಾವುದಾದರೂ ಒಂದೇ ವಂಶವಾಹಿಯ ದೋಷದಿಂದ ಬರುವ ಬೇರೆಯೇ ರೋಗ ಎಂಬ ಅರಿವು ಈ ಶತಮಾನದ ಮೊದಲ ದಶಕದಲ್ಲಿ ಗಟ್ಟಿಯಾಯಿತು. ಸುಮಾರು ಒಂದು ಲಕ್ಷ ಜನನಗಳಲ್ಲಿ ಒಂದಕ್ಕೆ ಬರುವ ಅಪರೂಪದ ಕಾಯಿಲೆ ಇದು. ಆದರೆ ಬಂದ ಮನೆಗೆ ಅದು ಅಪರೂಪವಲ್ಲ.

ಎಕ್ಸೆಟರಿನವರಿಗೆ ದಾರಿಯ ಒಂದು ತುದಿ ದೊರೆತದ್ದು ಆಕ್ಸ್‌ಫರ್ಡಿನಿಂದ. ಅಲ್ಲಿ ಫ್ರಾನ್ಸಿಸ್ ಆ್ಯಶ್‌ಕ್ರಾಫ್ಟ್ ಎಂಬ ವಿದುಷಿ 1984ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದ್ದರು. ಬೀಟಾ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಸಣ್ಣ ಬಾಗಿಲುಗಳಿರುತ್ತವೆ. ಊಟವಾಗಿ ರಕ್ತದಲ್ಲಿ ಸಕ್ಕರೆ ಏರಿದಾಗ ಆ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಬಾಗಿಲು ಮುಚ್ಚಿದ ಮೇಲೆಯೇ ಕೋಶವು ಇನ್ಸುಲಿನ್ನನ್ನು ಹೊರಚೆಲ್ಲುವುದು. ರಾತ್ರಿ ಪ್ರಯೋಗಾಲಯದಲ್ಲಿ ಇದನ್ನು ಮೊದಲು ಕಂಡಾಗ ತಮಗಾದ ಹರ್ಷವನ್ನೂ, ಮರುದಿನ ಬೆಳಿಗ್ಗೆ ಎದ್ದಾಗ ಇದೆಲ್ಲ ಎಲ್ಲಿಯೋ ಆದ ತಪ್ಪೇ ಇರಬೇಕೆಂದು ತಮಗನ್ನಿಸಿದ್ದನ್ನೂ ಅವರು ಮುಂದೆ ಹೇಳಿಕೊಂಡಿದ್ದಾರೆ. ತಪ್ಪಾಗಿರಲಿಲ್ಲ. ಆದರೆ ಆ ಅರಿವು ಒಂದು ಕೂಸಿನ ತೊಟ್ಟಿಲನ್ನು ಮುಟ್ಟಲು ಇಪ್ಪತ್ತು ವರ್ಷಗಳು ಹಿಡಿದವು.

ಆ ಬಾಗಿಲು ಹುಟ್ಟಿನಿಂದಲೇ ಮುಚ್ಚಲಾರದಂತಿದ್ದರೆ? ಬೀಟಾ ಕೋಶಗಳು ಜೀವಂತವಾಗಿರುತ್ತವೆ, ಇನ್ಸುಲಿನ್ನೂ ಒಳಗೆ ತಯಾರಾಗಿ ಕೂಡಿಬಿದ್ದಿರುತ್ತದೆ, ಆದರೆ ಹೊರಗೆ ಬರುವುದಿಲ್ಲ. ಕಣಜದಲ್ಲಿ ಜೋಳವಿದ್ದೂ ಮನೆಯವರು ಉಪವಾಸವಿದ್ದಂತೆ. ಎಕ್ಸೆಟರ್ ತಂಡದಲ್ಲಿದ್ದ ತರುಣ ವಿಜ್ಞಾನಿ ಆನಾ ಗ್ಲಾಯ್ನ್ ಹಾಗೂ ಸಂಗಡಿಗರು, ಆ ಬಾಗಿಲಿನ ಒಂದು ಭಾಗವನ್ನು ರೂಪಿಸುವ ಕೆಸಿಎನ್‌ಜೆ11 ಎಂಬ ವಂಶವಾಹಿಯನ್ನು ಇಂಥ 29 ರೋಗಿಗಳಲ್ಲಿ ಪರೀಕ್ಷಿಸಿದರು. ಹತ್ತು ಮಂದಿಯಲ್ಲಿ ದೋಷ ಸಿಕ್ಕಿತು. 2004ರಲ್ಲಿ ಅದು ಪ್ರಕಟವಾಯಿತು.

ಪತ್ರ ಬರೆದ ಸೋದರಿಯೂ, ಅವರಿಗಿಂತ ಹೆಚ್ಚಾಗಿ ಅವರ ಅತ್ತೆಯವರೂ, ಇಲ್ಲಿ ಒಂದು ಕ್ಷಣ ನಿಂತು ಓದಬೇಕೆಂದು ಪ್ರಾರ್ಥಿಸುತ್ತೇವೆ. ಆ ಹತ್ತು ಮಂದಿಯಲ್ಲಿ ದೋಷವು ಮನೆತನದಿಂದ ಬಂದಿದ್ದುದು ಇಬ್ಬರಿಗೆ ಮಾತ್ರ. ಉಳಿದ ಎಂಟು ಮಂದಿಯಲ್ಲಿ ಅದು ಹೊಸದಾಗಿ ಮೂಡಿದ್ದು. ತಂದೆಯಲ್ಲೂ ಇಲ್ಲ, ತಾಯಿಯಲ್ಲೂ ಇಲ್ಲ. ಜೀವ ರೂಪುಗೊಳ್ಳುವ ಹೊತ್ತಿನಲ್ಲಿ ಲಿಪಿಕಾರನ ಕೈತಪ್ಪಿನಂತೆ ಒಂದಕ್ಷರ ಬದಲಾಗಿತ್ತು, ಅಷ್ಟೇ. ಅದು ತವರಿನದೂ ಅಲ್ಲ, ಗಂಡನ ಮನೆಯದೂ ಅಲ್ಲ. ತಂದೆತಾಯಿಗಳ ರಕ್ತವನ್ನು ಕೇಳುವುದು ಅಪರಾಧಿಯನ್ನು ಹುಡುಕುವುದಕ್ಕಲ್ಲ. ಕೂಸಿನಲ್ಲಿ ಕಂಡ ಬದಲಾವಣೆ ಹೊಸದೋ ಹಳೆಯದೋ ತಿಳಿದರೆ ರೋಗನಿರ್ಣಯ ಖಚಿತವಾಗುತ್ತದೆ, ಮುಂದಿನ ಹೆರಿಗೆಯ ವಿಚಾರದಲ್ಲಿಯೂ ಸಲಹೆ ಕೊಡಲು ಬರುತ್ತದೆ.

ಇನ್ನು ಔಷಧದ ಮಾತು. ಇದು ಈ ಕತೆಯಲ್ಲಿ ನಮಗೆ ಬಹಳ ಹಿಡಿಸಿದ ಭಾಗ. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ವಿಷಮಶೀತಜ್ವರದ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧವನ್ನು ಕೊಟ್ಟು ನೋಡಿದಾಗ ಅವರ ರಕ್ತದ ಸಕ್ಕರೆ ಇಳಿದುಹೋಯಿತು. ಜ್ವರಕ್ಕೆಂದು ತಂದದ್ದು ಸಕ್ಕರೆ ಕಾಯಿಲೆಗೆ ಮದ್ದಾಯಿತು. ಅದೇ ಕುಲದ ಸಲ್ಫೋನಿಲ್‌ಯೂರಿಯಾ ಮಾತ್ರೆಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬುದು ಒಂದು. ನಮ್ಮ ಮನೆಗಳಲ್ಲಿ ಹಿರಿಯರು ಡಯೋನಿಲ್ ಎಂದು ಕರೆದು, ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿಟ್ಟುಕೊಂಡು ನುಂಗುತ್ತಿದ್ದ ಮಾತ್ರೆ ಅದೇ. ಈ ಮಾತ್ರೆ ಮಾಡುವ ಕೆಲಸವೇನೆಂದರೆ ಆ ಪೊಟ್ಯಾಸಿಯಂ ಬಾಗಿಲನ್ನು ನೇರವಾಗಿ ಮುಚ್ಚುವುದು! ಅಂದರೆ ದೋಷ ಯಾವುದೆಂದು ತಿಳಿದ ದಿನವೇ ಅದಕ್ಕೆ ಮದ್ದು ಔಷಧದ ಅಂಗಡಿಯಲ್ಲಿ, ಅತ್ಯಲ್ಪ ಬೆಲೆಗೆ, ದಶಕಗಳಿಂದ ಕಾದು ಕುಳಿತಿತ್ತು.

2006ರಲ್ಲಿ ಇವಾನ್ ಪಿಯರ್ಸನ್, ಹ್ಯಾಟರ್ಸ್ಲಿ ಮತ್ತು ಅವರ ಸಹಕಾರಿಗಳು ಫಲಿತಾಂಶವನ್ನು ಪ್ರಕಟಿಸಿದರು. ಈ ದೋಷವಿದ್ದ 49 ಮಂದಿಗೆ ಮಾತ್ರೆ ಕೊಟ್ಟು ನೋಡಿದಾಗ 44 ಮಂದಿ ಇನ್ಸುಲಿನ್ನನ್ನು ಪೂರ್ತಿಯಾಗಿ ಬಿಟ್ಟರು. ಅವರಲ್ಲಿ ಮೂರು ತಿಂಗಳ ಕೂಸಿನಿಂದ ಹಿಡಿದು 36 ವರ್ಷದವರವರೆಗೆ ಎಲ್ಲ ವಯಸ್ಸಿನವರೂ ಇದ್ದರು. ತಿಳಿವು ಬಂದಾಗಿನಿಂದ ಸೂಜಿಯಿಲ್ಲದ ದಿನವನ್ನೇ ಕಾಣದವರು ಅವರು. 2018ರಲ್ಲಿ ಪ್ರಕಟವಾದ ಸುಮಾರು ಹತ್ತು ವರ್ಷಗಳ ಅವಲೋಕನದಲ್ಲಿ 81 ಮಂದಿಯ ಪೈಕಿ 75 ಮಂದಿ ಮಾತ್ರೆಯೊಂದರಿಂದಲೇ ನಡೆಸಿಕೊಂಡು ಬಂದಿದ್ದರು. ಈ ಬಾಗಿಲುಗಳು ಮಿದುಳಿನಲ್ಲಿಯೂ ಇರುವುದರಿಂದ ಕೆಲವು ಮಕ್ಕಳಿಗೆ ಅಪಸ್ಮಾರವೂ ಬೆಳವಣಿಗೆಯಲ್ಲಿ ಹಿಂದುಳಿಯುವಿಕೆಯೂ ಬರುತ್ತವೆ. ಅದರಲ್ಲಿ ಮಾತ್ರೆಯ ಪ್ರಯೋಜನ ಪೂರ್ಣವಲ್ಲ, ಆದರೆ ಬೇಗ ಆರಂಭಿಸಿದಷ್ಟೂ ಒಳಿತು. ಆದ್ದರಿಂದಲೇ ವೈದ್ಯರು ಪರೀಕ್ಷೆಗೆ ಅವಸರಪಡಿಸುತ್ತಾರೆ. ಮನೆಯ ಮಾತು ಮುಗಿಯಲಿ ಎಂದು ವರ್ಷಗಟ್ಟಲೆ ಕಾಯಬಹುದಾದ ವಿಷಯ ಇದಲ್ಲ.

ಪತ್ರಿಕೆಗಳಲ್ಲಿ ಇಂಥ ಶೋಧಗಳ ಸುದ್ದಿ ಬಂದಾಗ ಒಬ್ಬ ಪ್ರಾಧ್ಯಾಪಕರ ಭಾವಚಿತ್ರ ಇರುತ್ತದೆ. ನಮಗೆ ಆ ತಂಡದ ಮ್ಯಾಗಿ ಶೆಫರ್ಡ್ ಅವರ ವಿಷಯವನ್ನೂ ಹೇಳಬೇಕೆನ್ನಿಸುತ್ತದೆ. ಅವರು ದಾದಿಯರು. ಮಧುಮೇಹದ ವಂಶವಾಹಿಗಳ ವಿಷಯದಲ್ಲಿಯೇ ತರಬೇತಾದ ದಾದಿಯರ ಪಡೆಯೊಂದನ್ನು 2002ರಿಂದೀಚೆಗೆ ತಮ್ಮ ದೇಶದ ನಾನಾ ಆಸ್ಪತ್ರೆಗಳಲ್ಲಿ ಕಟ್ಟಿದವರು. ವರ್ಷಾನುಗಟ್ಟಲೆ ಇನ್ಸುಲಿನ್ ತೆಗೆದುಕೊಂಡವರಿಗೆ ‘ಇನ್ನು ಸೂಜಿ ಬೇಡ’ ಎಂದರೆ ಅವರು ಮೊದಲು ಹೆದರುತ್ತಾರೆ. ಸೂಜಿ ತಪ್ಪಿದರೆ ಜೀವ ಹೋಗುತ್ತದೆಂದು ಕಲಿತೇ ಬೆಳೆದವರಲ್ಲವೇ! ಅಂಥವರ ಜೊತೆ ಕುಳಿತು, ಫಲಿತಾಂಶದ ಅರ್ಥ ಬಿಡಿಸಿ ಹೇಳಿ, ಮನೆಯ ಬೇರೆ ಯಾರಿಗೆ ಪರೀಕ್ಷೆ ಬೇಕೆಂದು ವಿಚಾರಿಸುವವರು ಇವರೇ. ಪ್ರಯೋಗಾಲಯದಿಂದ ಹೊರಟ ಕಾಗದ ಮನೆಯ ಪಡಸಾಲೆಯನ್ನು ತಲುಪುವುದು ಇಂಥವರ ಕೈಯಿಂದ. ನಮ್ಮ ಕಡೆ ಈ ಕೆಲಸಕ್ಕೆ ಜನರಿದ್ದಿದ್ದರೆ ಆ ಸೋದರಿ ನಮಗೆ ಪತ್ರ ಬರೆಯಬೇಕಾಗುತ್ತಿರಲಿಲ್ಲವೇನೋ.

ಎಕ್ಸೆಟರಿನವರು ಮಾಡಿದ ಇನ್ನೊಂದು ದೊಡ್ಡ ಕೆಲಸವೆಂದರೆ, ಲೋಕದ ಯಾವ ದೇಶದಿಂದಲಾದರೂ ಇಂಥ ಕೂಸುಗಳ ರಕ್ತದ ಮಾದರಿ ಬಂದರೆ ಹಣ ಕೇಳದೆ ಪರೀಕ್ಷೆ ನಡೆಸಿಕೊಟ್ಟದ್ದು. ಭಾರತದ ವೈದ್ಯರೂ ಅಲ್ಲಿಗೆ ಮಾದರಿಗಳನ್ನು ಕಳುಹಿಸಿದ್ದಾರೆ. ಹೀಗೆ 2000ದಿಂದ 2013ರವರೆಗೆ 79 ದೇಶಗಳಿಂದ ಬಂದ 1020 ಮಕ್ಕಳ ಲೆಕ್ಕವನ್ನು ಎಲಿಸಾ ಡಿ ಫ್ರಾಂಕೊ, ಸಾರಾ ಫ್ಲಾನಗನ್ ಮೊದಲಾದವರು 2015ರಲ್ಲಿ ಹೊರತಂದರು. ಮೊದಲು ಒಂದೊಂದೇ ವಂಶವಾಹಿಯನ್ನು ಓದಿ ನೋಡುತ್ತಿದ್ದವರು ಈಗ ಇಪ್ಪತ್ತಕ್ಕೂ ಹೆಚ್ಚನ್ನು ಒಂದೇ ಸಲಕ್ಕೆ ಓದಬಲ್ಲವರಾಗಿದ್ದರು. ನೂರಕ್ಕೆ 82 ಮಕ್ಕಳಲ್ಲಿ ಕಾರಣ ಸಿಕ್ಕಿತು.

ಅದೇ ಲೆಕ್ಕದಲ್ಲಿ ನಮ್ಮ ಮನೆಗಳಿಗೆ ತಟ್ಟುವ ಇನ್ನೊಂದು ಅಂಶವಿದೆ, ಅದನ್ನು ಮುಚ್ಚಿಡಲಾರೆವು. ಮಾತ್ರೆಯಿಂದ ಗುಣ ಕಾಣಬಲ್ಲ ಬಾಗಿಲಿನ ದೋಷವು ಹೊರಸಂಬಂಧದ ಮದುವೆಗಳ ಮಕ್ಕಳಲ್ಲಿ ನೂರಕ್ಕೆ 46ರಷ್ಟಿದ್ದರೆ, ರಕ್ತಸಂಬಂಧದ ಮದುವೆಗಳ ಮಕ್ಕಳಲ್ಲಿ ಕೇವಲ 12ರಷ್ಟಿತ್ತು. ಅಲ್ಲಿ ಹೆಚ್ಚಾಗಿ ಕಂಡದ್ದು ತಂದೆತಾಯಿ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬಂದು ಕೂಡಿದಾಗ ಉಂಟಾಗುವ ರೋಗಗಳು. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮಲ್ಲಿ ಎಷ್ಟೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಹಾಗೆ ಕೂಡಿದ ರೋಗದಲ್ಲಿ ಪ್ರತಿ ಹೆರಿಗೆಯಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಅಲ್ಲಿಯೂ ತಪ್ಪು ಒಂದೇ ಕಡೆಯದಲ್ಲ, ಎರಡೂ ಕಡೆಯಿಂದ ಸರಿಸಮ. ಆಗ ಇನ್ಸುಲಿನ್ ಬಿಡುವಂತಿಲ್ಲ. ಆದರೂ ಕಾರಣ ತಿಳಿದಿದ್ದರೆ ಮುಂದೆ ಎಲುಬಿಗೋ ಯಕೃತ್ತಿಗೋ ಬರಬಹುದಾದ ತೊಂದರೆಯ ಮೇಲೆ ವೈದ್ಯರು ಮೊದಲೇ ಕಣ್ಣಿಡಬಹುದು.

ಈ ಕಾರಣಕ್ಕಾಗಿ ನಾವು ಸೋದರಿಗೆ ಮರುಪತ್ರ ಬರೆದು, ತಮ್ಮದು ಒಳಸಂಬಂಧವೋ ಹೊರಸಂಬಂಧವೋ ಎಂದು ಕೇಳಿದೆವು. ಉತ್ತರ ಬಂದಾಗ ನಮಗೆ ನಗಬೇಕೋ ಮರುಗಬೇಕೋ ತಿಳಿಯಲಿಲ್ಲ. ಅವರು ಮದುವೆಯಾದದ್ದು ಸೋದರತ್ತೆಯ ಮಗನನ್ನು. ‘ನಿನ್ನ ತವರಿಂದ ಬಂದದ್ದು’ ಎಂದ ಅತ್ತೆಯವರು ಆ ಸೋದರಿಯ ತಂದೆಯ ಒಡಹುಟ್ಟಿದ ಅಕ್ಕ. ಅವರು ಬೆರಳು ಮಾಡಿ ತೋರಿಸಿದ ತವರು ಅವರದೇ ತವರು!

ನಾವು ಬರೆದ ಉತ್ತರ ಇಷ್ಟು. ಮಾತ್ರೆಯಿಂದ ಗುಣವಾಗುವ ಬಗೆಯೇ ಆಗಿರುವ ಸಂಭವ ನಿಮ್ಮಂಥ ಸಂಬಂಧದಲ್ಲಿ ಕಡಿಮೆ, ಆದರೆ ಇಲ್ಲವೆಂದಿಲ್ಲ. ಯಾವುದೆಂದು ತಿಳಿಯಲು ಪರೀಕ್ಷೆಯೊಂದೇ ದಾರಿ, ಆದ್ದರಿಂದ ತಡಮಾಡಬೇಡಿ. ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದಲ್ಲಿ ಡಾ. ವಿ. ಮೋಹನ್ ಹಾಗೂ ಡಾ. ರಾಧಾ ವೆಂಕಟೇಶನ್ ಅವರ ತಂಡ ಈ ಕೆಲಸ ಮಾಡಿದೆ, ನಿಮ್ಮ ವೈದ್ಯರ ಮೂಲಕ ವಿಚಾರಿಸಿ. ಫಲಿತಾಂಶ ಬಂದು ವೈದ್ಯರು ಹೇಳುವವರೆಗೆ ಒಂದು ಹೊತ್ತಿನ ಇನ್ಸುಲಿನ್ನನ್ನೂ ತಪ್ಪಿಸಬೇಡಿ. ಹಿರಿಯರ ಡಬ್ಬಿಯ ಮಾತ್ರೆಯನ್ನು ನೀವಾಗಿ ಕೂಸಿಗೆ ಕೊಡುವ ಸಾಹಸವನ್ನಂತೂ ಸರ್ವಥಾ ಮಾಡಬೇಡಿ. ಅದರ ಪ್ರಮಾಣವನ್ನು ರಕ್ತ ಪರೀಕ್ಷಿಸುತ್ತ ವೈದ್ಯರೇ ಗೊತ್ತುಮಾಡಬೇಕು. ನಿಮ್ಮ ಬಳಗದಲ್ಲಿ ಬೆಳೆದು ದೊಡ್ಡವರಾಗಿದ್ದರೂ, ಹುಟ್ಟಿದ ಆರು ತಿಂಗಳೊಳಗೆ ಸಕ್ಕರೆ ಕಾಯಿಲೆ ಕಂಡವರು ಯಾರಾದರೂ ಇದ್ದರೆ ಅವರಿಗೂ ಇದನ್ನು ಓದಿ ಹೇಳಿ.

ಕಳೆದ ವಾರ ಅವರಿಂದ ಇನ್ನೊಂದು ಕಾಗದ ಬಂದಿದೆ. ಮೂವರ ರಕ್ತವನ್ನೂ ಕೊಟ್ಟು ಬಂದಿದ್ದಾರೆ, ಫಲಿತಾಂಶಕ್ಕೆ ಇನ್ನೂ ಕೆಲವು ವಾರ ಕಾಯಬೇಕು. ಅತ್ತೆಯವರು ಕೂಸನ್ನೆತ್ತಿಕೊಂಡು ತಾವೂ ಜೊತೆಗೆ ಹೋಗಿದ್ದರಂತೆ. ತಮ್ಮ ರಕ್ತವನ್ನು ಯಾರೂ ಕೇಳಲಿಲ್ಲವೆಂದು ಬರುವಾಗ ದಾರಿಯುದ್ದಕ್ಕೂ ಅವರಿಗೆ ಬೇಸರವಿತ್ತಂತೆ.