ಪ್ರವಾಸ ನಿಮ್ಮದು, ಮದ್ದು ಮಗುವಿಗೆ ಯಾಕೆ?

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಕಂಕುಳಲ್ಲಿ ಒಂದೂವರೆ ವರ್ಷದ ಕೂಸು ಇದ್ದವರು ಎಷ್ಟು ದೇಶ ಸುತ್ತಬೇಕು ಎಂದು ಮಾತ್ರ ಹೇಳಲಿಲ್ಲ.

ಹಿಂದೆಲ್ಲ ಏಪ್ರಿಲ್ ಬಂತೆಂದರೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮಕ್ಕಳಿಗೆ ಪ್ರವಾಸವೆಂದರೆ ಅಜ್ಜಿಮನೆ. ಈಗ ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ತಮ್ಮ, ತಂಗಿ ಕೆಲಸಕ್ಕಿರುವ ಮನೆಗಳು ಇಲ್ಲಿ ಎಷ್ಟೋ ಇವೆ. ಹಾಗಾಗಿ ರಜೆಗೆ ಯುರೋಪಿಗೆ ಹೊರಟ ಕುಟುಂಬಗಳು ಬಿ.ಸಿ. ರೋಡಿನ ನನ್ನ ಚಿಕಿತ್ಸಾಲಯಕ್ಕೂ ಬರುತ್ತವೆ. ಸಂತೋಷದ ಸಂಗತಿಯೇ.

ಈಚೆಗೆ ಮೂಡುಬಿದಿರೆಯ ದಂಪತಿ ಬಂದಿದ್ದರು. ಐದು ವರ್ಷದ ಹುಡುಗಿ, ಒಂದೂವರೆ ವರ್ಷದ ಹುಡುಗ. ಹತ್ತು ದಿನದಲ್ಲಿ ಐದು ದೇಶ ನೋಡುವ ಪಟ್ಟಿ ತಯಾರಾಗಿತ್ತು. "ಡಾಕ್ಟ್ರೇ, ವಿಮಾನದಲ್ಲಿ ಇವನು ಮಲಗುವ ಹಾಗೆ ಒಂದು ಸಿರಪ್ ಬರೆದುಕೊಡಿ. ಶೀತದ್ದು ಕೊಟ್ಟರೂ ಸಾಕು" ಎಂದರು ತಾಯಿ.

ನಾನು ಬರೆದುಕೊಡಲಿಲ್ಲ. ಅವರಿಗೆ ಸ್ವಲ್ಪ ಬೇಸರವಾಯಿತು. ಈ ಬೇಡಿಕೆ ಅವರೊಬ್ಬರದ್ದಲ್ಲ, ಆದ್ದರಿಂದ ಕಾರಣವನ್ನು ಎಲ್ಲರಿಗೂ ಹೇಳುವುದು ಒಳ್ಳೆಯದು.

ಶೀತ, ಅಲರ್ಜಿಗೆ ಕೊಡುವ ಕೆಲವು ಸಿರಪ್‌ಗಳಿಂದ ತೂಕಡಿಕೆ ಬರುವುದು ನಿಜ. ಆದರೆ ಅದು ಔಷಧದ ಅಡ್ಡ ಪರಿಣಾಮ, ಜೋಗುಳವಲ್ಲ. ಪ್ರೊಮೆಥಜಿನ್ ಎಂಬ ಔಷಧದಿಂದ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟ ಕುಗ್ಗಿ ಸಾವು ಸಂಭವಿಸಿದ ಪ್ರಕರಣಗಳಿವೆ. ಈ ವಯಸ್ಸಿನವರಿಗೆ ಅದನ್ನು ಕೊಡಲೇಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2004ರಲ್ಲೇ ಕಟ್ಟುನಿಟ್ಟಾಗಿ ಎಚ್ಚರಿಸಿತು. ನಮ್ಮ ದೇಶದಲ್ಲೂ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿಸಿದ ಶೀತದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು 2023ರಲ್ಲಿ ಆದೇಶವಾಗಿದೆ. ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುತ್ತದೆ ಎಂದ ಮಾತ್ರಕ್ಕೆ ಅದು ನಿರಪಾಯವಲ್ಲ.

ನಾನೂ ಒಮ್ಮೆ ಈ ತಪ್ಪು ಮಾಡಿದ್ದೇನೆ. ಮಗಳು ಚಿಕ್ಕವಳಿದ್ದಾಗ ಬೆಂಗಳೂರಿನ ರಾತ್ರಿ ಬಸ್ಸು ಹತ್ತುವ ಮೊದಲು ಅರ್ಧ ಚಮಚ ಕುಡಿಸಿದೆ. ಅವಳು ಮಲಗಲಿಲ್ಲ. ಬೆಳಗಿನ ತನಕ ಕಿರುಚಿದಳು, ಒದ್ದಳು, ಬಸ್ಸಿನ ಅಷ್ಟೂ ಜನರನ್ನು ಎಬ್ಬಿಸಿದಳು. ಕೆಲವು ಮಕ್ಕಳಲ್ಲಿ ಈ ಔಷಧಗಳು ನಿದ್ದೆಯ ಬದಲು ಉದ್ರೇಕ ತರುತ್ತವೆ. ಪುಸ್ತಕದಲ್ಲಿ ಓದಿದ್ದೆ, ಆ ರಾತ್ರಿ ಕಣ್ಣಾರೆ ಕಂಡೆ. ಅವಳಿಗೆ ಬೇರೇನೂ ಆಗಲಿಲ್ಲ ಎಂಬುದು ನನ್ನ ಅದೃಷ್ಟ, ನನ್ನ ಜಾಣತನವಲ್ಲ.

ಇನ್ನೂ ಒಂದು ಕಾರಣವಿದೆ. ವಿಮಾನ ಇಳಿಯುವಾಗ ಗಾಳಿಯ ಒತ್ತಡ ಬದಲಾಗಿ ಕಿವಿ ಕಟ್ಟುತ್ತದೆ. ನಾವು ಎಂಜಲು ನುಂಗಿ ಅದನ್ನು ಬಿಡಿಸಿಕೊಳ್ಳುತ್ತೇವೆ. ಮದ್ದಿನ ಮಂಪರಿನಲ್ಲಿರುವ ಮಗು ನುಂಗುವುದು ಕಡಿಮೆ. ಆಮೇಲೆ ಕಿವಿ ನೋವಿನಿಂದ ಚೀರುತ್ತದೆ. ವಿಮಾನ ಕೆಳಗಿಳಿಯಲು ತೊಡಗುವಾಗ ಮಗುವನ್ನು ಎಬ್ಬಿಸಿ ಎದೆಹಾಲು ಕೊಡಿ ಅಥವಾ ಗುಟುಕು ಗುಟುಕಾಗಿ ನೀರು ಕುಡಿಸಿ. ಅದೇ ಅದರ ಮದ್ದು.

ಇಷ್ಟಕ್ಕೂ ಮಗು ಅಳುವುದು ಯಾಕೆ? ಅದರ ಹೊಟ್ಟೆಗೆ, ನಿದ್ದೆಗೆ ಹೊತ್ತು ತಪ್ಪಿದ್ದಕ್ಕೆ. ಬೇಸಗೆಯಲ್ಲಿ ಜರ್ಮನಿ, ಫ್ರಾನ್ಸ್, ಸ್ವಿಜರ್ಲೆಂಡಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಎಂಟೂವರೆಗೆ ಮಲಗುವ ಮಗುವಿಗೆ ಅಲ್ಲಿ ಸಂಜೆ ಐದಕ್ಕೇ ಕಣ್ಣು ಎಳೆಯುತ್ತದೆ. ಇಲ್ಲಿ ಆರಕ್ಕೆ ಏಳುವುದು ಅಲ್ಲಿ ನಡುರಾತ್ರಿ ಎರಡೂವರೆಗೆ ಎದ್ದು "ಹಸಿವು" ಎನ್ನುತ್ತದೆ. ಹೊರಗೆ ನೋಡಿದರೆ ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು. ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಅಂದರೆ ಮಗು ಅಲ್ಲಿನ ವೇಳೆಗೆ ಒಗ್ಗಲು ಮೂರು ನಾಲ್ಕು ದಿನ ಬೇಕು. ಅಷ್ಟರಲ್ಲಿ ನಿಮ್ಮ ಪಟ್ಟಿಯ ಎರಡು ದೇಶ ಮುಗಿದಿರುತ್ತದೆ!

ಎತ್ತರದ ಮಾತು ಬೇರೆ. ಸ್ವಿಜರ್ಲೆಂಡಿಗೆ ಹೋದವರೆಲ್ಲ ಯುಂಗ್‌ಫ್ರಾವ್ ಶಿಖರದ ಬಳಿಯ ರೈಲು ನಿಲ್ದಾಣ ನೋಡಲೇಬೇಕು ಎನ್ನುತ್ತಾರೆ. ಅದು ಇರುವುದು 3,454 ಮೀಟರ್ ಎತ್ತರದಲ್ಲಿ. ನಮ್ಮ ಕುದುರೆಮುಖ ಶಿಖರ ಸುಮಾರು 1,900 ಮೀಟರ್. ಕೆಳಗಿನ ಊರಿನಿಂದ ಕೆಲವೇ ಗಂಟೆಗಳಲ್ಲಿ ಅಷ್ಟು ಮೇಲೆ ಹೋದರೆ ದೊಡ್ಡವರಿಗೇ ತಲೆನೋವು, ವಾಕರಿಕೆ ಬರಬಹುದು. ಮಾತು ಬಾರದ ಮಗು ತಲೆನೋವು ಎಂದು ಹೇಗೆ ಹೇಳೀತು? ಎರಡು ವರ್ಷದೊಳಗಿನ ಮಕ್ಕಳನ್ನು ಅಲ್ಲಿಗೆ ಒಯ್ಯದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಉಳಿದ ಮಕ್ಕಳು ಮಂಕಾದರೆ, ವಾಂತಿ ಮಾಡಿದರೆ ಕೂಡಲೇ ಕೆಳಗಿಳಿಸಿ. ಚಾರ್ಮಾಡಿ ಘಾಟಿ ಹತ್ತುವಾಗಲೇ ವಾಂತಿ ಮಾಡುವ ಮಕ್ಕಳಿಗೆ ಅಲ್ಲಿನ ಬೆಟ್ಟದ ತಿರುವುಗಳೂ ಅಷ್ಟೇ. ಹೊಟ್ಟೆ ಬಿರಿಯ ತಿನ್ನಿಸಬೇಡಿ, ಕೈಗೆ ಮೊಬೈಲ್ ಕೊಡಬೇಡಿ, ದೂರ ನೋಡಲು ಹೇಳಿ.

ಹಾಗಾದರೆ ಹೋಗಲೇಬಾರದೇ ಎಂದು ಕೇಳುತ್ತೀರಿ. ಖಂಡಿತ ಹೋಗಿ. ಆದರೆ ತಯಾರಿ ಸರಿಯಾಗಿರಲಿ. ದಡಾರ ರುಬೆಲ್ಲಾ ಲಸಿಕೆಯ ಎರಡು ಡೋಸ್ ಆಗಿದೆಯೇ ನೋಡಿ. ಒಂಬತ್ತು ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಅಲ್ಲಿ ಅಂಥ ಕಾಯಿಲೆ ಎಲ್ಲಿದೆ ಎನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಲಯದಲ್ಲಿ 2024ರಲ್ಲಿ 1,27,000ಕ್ಕೂ ಹೆಚ್ಚು ದಡಾರ ಪ್ರಕರಣಗಳು ದಾಖಲಾದವು. 1997ರ ಬಳಿಕ ಇದೇ ಹೆಚ್ಚು. ಜ್ವರಕ್ಕೆ ಪ್ಯಾರಸಿಟಮಾಲ್ ಸಿರಪ್, ಮಗುವಿನ ತೂಕಕ್ಕೆ ತಕ್ಕ ಪ್ರಮಾಣ ಬರೆಸಿದ ಚೀಟಿ, ಓಆರ್‌ಎಸ್ ಪೊಟ್ಟಣ ಕೈಚೀಲದಲ್ಲಿರಲಿ. ಒಂದು ಲೀಟರಿನ ಪೊಟ್ಟಣವನ್ನು ಇಡಿಯಾಗಿ ಒಂದು ಲೀಟರ್ ನೀರಿಗೇ ಕದಡಬೇಕು, ಲೋಟಕ್ಕೆ ಚಿಟಿಕೆ ಹಾಕುವುದಲ್ಲ. ಹುರಿದ ರಾಗಿಹಿಟ್ಟು ಇದ್ದರೆ ಎಲ್ಲಿದ್ದರೂ ಮಣ್ಣಿ ಕಾಯಿಸಬಹುದು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ ಕಡ್ಡಾಯ. ಅದನ್ನು ಮಾಡಿಸುವಾಗ ಮಗುವಿಗೆ ಉಬ್ಬಸವೋ ಫಿಟ್ಸೋ ಇದ್ದರೆ ಮುಚ್ಚಿಡಬೇಡಿ. ತುರ್ತು ಸಂದರ್ಭಕ್ಕೆ ಅಲ್ಲಿಯೂ ನಮ್ಮಲ್ಲಿಯಂತೆ 112.

ಬೆಳ್ತಂಗಡಿಯ ಒಂದು ಕುಟುಂಬ ಕಳೆದ ಬೇಸಗೆಯಲ್ಲಿ ಹೀಗೇ ಹೋಗಿ ಬಂತು. ತಮ್ಮನ ಮನೆಯಲ್ಲಿ ಹತ್ತು ದಿನ, ಒಂದೇ ಊರು. ಬೆಳಗ್ಗೆ ತಿರುಗಾಟ, ಮಧ್ಯಾಹ್ನ ನಿದ್ದೆ, ಸಂಜೆ ಕೆರೆಯ ಬದಿ. "ಏನು ನೋಡಿದೆ ಮಗಾ?" ಎಂದು ನಾಲ್ಕು ವರ್ಷದ ಹುಡುಗನನ್ನು ಕೇಳಿದೆ. "ಬಾತುಕೋಳಿ" ಎಂದ. ತಂದೆ ನಕ್ಕರು. "ಲಕ್ಷಗಟ್ಟಲೆ ಖರ್ಚು ಮಾಡಿದ್ದು ಬಾತುಕೋಳಿಗೆ ಡಾಕ್ಟ್ರೇ." ಆದರೆ ಯಾರಿಗೂ ಜ್ವರವಿಲ್ಲ, ಯಾರೂ ಸೊರಗಿರಲಿಲ್ಲ.

ನಾಲ್ಕು ವರ್ಷದ ಮಗುವಿಗೆ ಐಫೆಲ್ ಗೋಪುರ ಬೇಕಿಲ್ಲ, ಅಪ್ಪ ಅಮ್ಮ ಅವಸರವಿಲ್ಲದೆ ಜತೆಗಿರುವುದು ಬೇಕು. ಪಟ್ಟಿ ಬೇಕಾಗಿರುವುದು ನಮಗೆ. ನಮ್ಮ ಪಟ್ಟಿ ಮುಗಿಸುವುದಕ್ಕಾಗಿ ಮಗುವಿಗೆ ಮಂಪರಿನ ಮದ್ದು ಕುಡಿಸುವುದು ನ್ಯಾಯವಲ್ಲ.

ಮೂಡುಬಿದಿರೆಯ ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ಪಟ್ಟಿಯಿಂದ ಮೂರು ದೇಶ ಹೊಡೆದುಹಾಕಿ ಅಮ್ಮಾ. ನಾನು ಬರೆದುಕೊಡುವ ಸಿರಪ್ ಅದೇ." ನಿಮಗೂ ಅದೇ ಮಾತು.